ಮಿಕ್ಸರಿನ ಗುಂಡಿ ಇಳಿಸಿ ಆಡಿದ ಮಾತು

ಆ ವರ್ಷ ನನಗೆ ನನ್ನ ದನಿಯೇ ಸಾಕಾಗಿತ್ತು. ಬೆಳಿಗ್ಗೆ ಬೈಲಹೊಂಗಲದಲ್ಲಿ ಬಸ್ಸು ಹತ್ತಿ ಕಿತ್ತೂರಿಗೆ ಹೋಗಬೇಕು, ಹೈಸ್ಕೂಲಿನಲ್ಲಿ ದಿನಕ್ಕೆ ಐದು ತಾಸು ಇತಿಹಾಸ ಒದರಬೇಕು, ಸಂಜೆ ಮತ್ತೆ ಬಸ್ಸಿನ ಕಂಬ ಹಿಡಿದು ನಿಂತು ವಾಪಸು ಬರಬೇಕು. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವ ಹೊತ್ತಿಗೆ ಗಂಟಲು ಒಣಗಿ ಕಟ್ಟಿಗೆಯಾಗಿರುತ್ತಿತ್ತು. ಶಾಲೆ, ಊರು ಬದಲಾದರೂ ಇಪ್ಪತ್ತಾರು ವರ್ಷ ಹೀಗೇ. ಓಣಿಯ ಹೆಂಗಸರು ಮಾತಾಡಿಸಿದರೆ ಹೂಂ ಅನ್ನುವುದಕ್ಕೂ ಬೇಸರ. ಅಂಥವಳು ಮನೆಗೆ ಬಂದ ಮೇಲೂ ದಿನಾ ಒಂದು ತಾಸು ಗೋಡೆಗೆ ಮುಖಮಾಡಿ ಕುಳಿತು ಬಿ.ಎ. ಇತಿಹಾಸದ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದೆ ಅಂದರೆ ನಂಬುವವರು ಕಡಿಮೆ. ಆದರೆ ಓದುತ್ತಿದ್ದೆ. ಬೈದುಕೊಂಡೇ ಓದುತ್ತಿದ್ದೆ.

ಕೇಳುವವಳು ರಾಮದುರ್ಗದ ಆಚೆ ಸುರೇಬಾನದಲ್ಲಿದ್ದಳು. ತೊಂಬತ್ತರ ದಶಕದಲ್ಲಿ ನಾನು ಆ ಕಡೆಯ ಶಾಲೆಯಲ್ಲಿ ನಾಲ್ಕು ವರ್ಷ ಇದ್ದಾಗ ಒಂಬತ್ತನೆಯ ತರಗತಿಯಲ್ಲಿ ನನ್ನ ಕೈಕೆಳಗೆ ಕಲಿತ ಹುಡುಗಿ. ಆಮೇಲೆ ಅವಳ ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗುತ್ತ ಹೋಗಿ ಇಪ್ಪತ್ತು ತುಂಬುವಷ್ಟರಲ್ಲಿ ಪೂರ್ತಿ ಹೋಗಿಬಿಟ್ಟಿತು. ಆದರೂ ಮನೆಯಲ್ಲೇ ಕೂತು ಬಿ.ಎ.ಗೆ ಕಟ್ಟಿದಳು. ಮೊದಲೆರಡು ವರ್ಷದ ಪುಸ್ತಕಗಳನ್ನು ಅವಳ ಅಣ್ಣ ಓದಿ ಹೇಳಿದ್ದ. ಅವನಿಗೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಕೆಲಸ ಸಿಕ್ಕ ಮೇಲೆ ಓದುವವರಿಲ್ಲದಾಯಿತು. ಉಳಿದದ್ದು ಕೊನೆಯ ವರ್ಷ. ಅದೊಂದು ಮುಗಿಸಿಕೊಂಡು ಬಂದರೆ ಕುರುಡು ಮಕ್ಕಳ ಶಾಲೆಯೊಂದರಲ್ಲಿ ಕೆಲಸ ಕೊಡುತ್ತೇವೆ ಅಂತ ಯಾರೋ ಪುಣ್ಯಾತ್ಮರು ಮಾತು ಕೊಟ್ಟಿದ್ದರು. ಆ ಬೇಸಿಗೆಯ ಪರೀಕ್ಷೆ ತಪ್ಪಿದರೆ ಆ ಮಾತೂ ತಪ್ಪುತ್ತಿತ್ತು.

ರಾಮದುರ್ಗದಲ್ಲಿ ಒಂದು ಮದುವೆಗೆ ಹೋದಾಗ ಸಿಕ್ಕಳು. ನಾನು ಪಕ್ಕದವರಿಗೆ ಏನೋ ಹೇಳುತ್ತಿದ್ದೆ, ಹಿಂದಿನಿಂದ ಒಂದು ಕೈ ಬಂದು ನನ್ನ ತೋಳು ಹಿಡಿಯಿತು.

"ಅಕ್ಕೋರಲ್ರಿ? ದನಿ ಹಂಗ ಐತಿ ನೋಡ್ರಿ, ಒಂಚೂರೂ ಬದ್ಲಾಗಿಲ್ಲ."

ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಅಕ್ಕೋರು ಅಂತಲೇ ಕರೆಯುವುದು. ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತು ತನ್ನ ಕಥೆ ಎಲ್ಲ ಹೇಳಿದಳು. ಕಡೆಗೆ, ಕೇಳಬೇಕೋ ಬೇಡವೋ ಅನ್ನುವ ಹಾಗೆ, "ನೀವು ಓದಿ ಟೇಪ್ ಮಾಡಿ ಕೊಡ್ತೀರೇನ್ರಿ?" ಅಂದಳು. ನಾನು ಎಲೆಯಿಂದ ತಲೆ ಎತ್ತದೆ ಆಗಲಿ ಅಂದುಬಿಟ್ಟೆ. ಪಕ್ಕದಲ್ಲಿದ್ದ ನನ್ನ ಯಜಮಾನರಿಗೆ ಆಶ್ಚರ್ಯ. ನಾನು ಹಾಗೆಲ್ಲ ಸುಲಭಕ್ಕೆ ಹೂಂ ಅನ್ನುವ ಪೈಕಿ ಅಲ್ಲ.

ಕಾರಣ ಇತ್ತು, ಹೇಳಿಬಿಡುತ್ತೇನೆ. ಒಂಬತ್ತನೆಯ ತರಗತಿಯಲ್ಲಿ ಆ ಹುಡುಗಿ ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಕೂತಿರುತ್ತಿದ್ದಳು. ಮುಖ ಮುಚ್ಚಿಕೊಂಡು ನಗುತ್ತಾಳೆ ಅಂತ ನನ್ನ ಲೆಕ್ಕ. ಒಂದು ದಿನ ತಲೆ ಕೆಟ್ಟು, "ಏನವಾ, ಪುಸ್ತಕ ಓದಾಕ ಬಂದೀಯೋ ಮೂಸಿ ನೋಡಾಕ ಬಂದೀಯೋ?" ಅಂದೆ. ಇಡೀ ತರಗತಿ ಗೊಳ್ಳೆಂದು ನಕ್ಕಿತು. ನನಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ. ಮುಂದಿನ ಬೆಂಚಿನಿಂದ ಎಬ್ಬಿಸಿ ಕಟ್ಟಕಡೆಯ ಬೆಂಚಿಗೆ ಕಳಿಸಿದೆ. ವರ್ಷ ಮುಗಿಯುವ ತನಕ ಅವಳು ಅಲ್ಲೇ ಕೂತಳು. ಅಲ್ಲಿಂದ ಅವಳಿಗೆ ಬೋರ್ಡು ಇದೆಯೋ ಇಲ್ಲವೋ ಅನ್ನುವುದೂ ಕಾಣುತ್ತಿರಲಿಲ್ಲ. ವಾರ್ಷಿಕ ಪರೀಕ್ಷೆಯಲ್ಲಿ ಇತಿಹಾಸಕ್ಕೆ ಹನ್ನೊಂದು ಅಂಕ ಬಂದವು, ಅದನ್ನೂ ನಾನು ಎಲ್ಲರೆದುರು ಓದಿ ಹೇಳಿದೆ. ನನಗೆ ವರ್ಗವಾದ ಮೇಲೆ ಯಾರೋ ಹೇಳಿದರು, ಆ ಹುಡುಗಿಯ ಕಣ್ಣಿನ ನರ ಒಣಗುತ್ತಿದೆಯಂತೆ, ಚಿಕ್ಕಂದಿನಿಂದಲೂ ಇತ್ತಂತೆ ಅಂತ. ಆದರೆ ಒಂದು ಕಾಗದ ಬರೆಯಲಿಲ್ಲ, ಹೋಗಿ ನೋಡಲಿಲ್ಲ. ಅವಳಿಗೆಲ್ಲಿ ನೆನಪಿರುತ್ತದೆ ಅಂತ ಸಮಾಧಾನ ಮಾಡಿಕೊಂಡು ಹತ್ತು ಹನ್ನೆರಡು ವರ್ಷ ಕಳೆದೆ.

ಮೊದಲು ಮನೆಯ ಟೇಪ್ ರೆಕಾರ್ಡರಿನಲ್ಲಿ ಓದಿ ನೋಡಿದೆ. ಅದರ ಗಾಲಿ ತಿರುಗುವ ಗುರ್ ಶಬ್ದವೇ ಹೆಚ್ಚು, ನನ್ನ ಮಾತು ಕಡಿಮೆ. ಎರಡು ಕ್ಯಾಸೆಟ್ಟಿನ ಟೇಪನ್ನು ನುಂಗಿ ಕೂತಿತು. ಆಗ ಯಜಮಾನರು ಈ ಕೆಲಸವನ್ನು ತಮ್ಮ ಕೈಗೆ ತೆಗೆದುಕೊಂಡರು. ಅಲ್ಲಿಂದ ನನ್ನ ಹೈರಾಣ ಸುರುವಾಯಿತು.

ಅವರು ಹತ್ತಿ ಮಾರುಕಟ್ಟೆಯ ಒಂದು ಅಂಗಡಿಯಲ್ಲಿ ಗುಮಾಸ್ತರು. ಆದರೆ ಓಣಿಯಲ್ಲಿ ಅವರಿಗೆ ಮರ್ಯಾದೆ ಬೇರೆ ಕಾರಣಕ್ಕೆ. ಭಜನಾ ಮಂಡಳಿಯ ಮೈಕಿನ ಉಸ್ತುವಾರಿ ಅವರದು. ಮಂಡಳಿಯ ಮಿಕ್ಸರ್ ನಮ್ಮ ಮನೆಯಲ್ಲೇ, ನಮ್ಮ ಟ್ರೆಜರಿ ಕಪಾಟಿನ ಮೇಲೆ, ಹಳೆಯ ಟವೆಲು ಹೊದ್ದು ಇರುತ್ತಿತ್ತು. ಚಟ್ನಿ ಅರೆಯುವ ಮಿಕ್ಸರ್ ಅಲ್ಲ, ನಾಲ್ಕು ಮೈಕಿನ ದನಿ ಸೇರಿಸಿ ಹೊರಗೆ ಬಿಡುವ ಪೆಟ್ಟಿಗೆ. ಒಂದೊಂದು ಮೈಕಿಗೂ ಮೇಲೆ ಕೆಳಗೆ ಜಾರಿಸುವ ಒಂದೊಂದು ಗುಂಡಿ. ಮೇಲೆ ತಳ್ಳಿದರೆ ದನಿ ಹೊರಗೆ, ಕೆಳಗೆ ಇಳಿಸಿದರೆ ಬಾಯಿ ಬಂದ್.

ಈ ಗುಂಡಿಯ ವಿಷಯದಲ್ಲಿ ನಮ್ಮವರು ಬಹಳ ಶಿಸ್ತು. ಅದಕ್ಕೂ ಒಂದು ಹಿನ್ನೆಲೆ ಇದೆ. ಒಂದು ಸೋಮವಾರ ಭಜನೆಯ ನಡುವೆ ಚಹಾ ಬಂತು, ಇವರು ಗುಂಡಿ ಇಳಿಸುವುದನ್ನು ಮರೆತರು. ಮಂಡಳಿಯ ಹಿರಿಯರಿಬ್ಬರು ಪಕ್ಕದ ಓಣಿಯ ದೊಡ್ಡ ಮನೆಯ ಸೊಸೆ ತವರಿಗೆ ಯಾಕೆ ಹೋದಳು ಅಂತ ಶುರುಮಾಡಿದ್ದು ಗುಡಿಯ ಮೇಲಿನ ಹಾರ್ನಿನಲ್ಲಿ ಊರಿಗೆಲ್ಲ ಕೇಳಿಸಿತು. ಆ ಮನೆಯವರು ಕೋಲು ಹಿಡಿದುಕೊಂಡೇ ಗುಡಿಗೆ ಬಂದರಂತೆ. ಅಂದಿನಿಂದ ಮಂಡಳಿಯಲ್ಲಿ ಒಂದು ನೇಮವಾಯಿತು. ಪದ ಮುಗಿದರೆ ಗುಂಡಿ ಇಳಿಯಬೇಕು, ಮುಂದಿನ ಪದಕ್ಕೆ ತಾಳ ಬಿದ್ದ ಮೇಲೆಯೇ ಏರಬೇಕು. ಇವರ ಬೆರಳು ನಿದ್ದೆಯಲ್ಲೂ ಅದನ್ನು ಮಾಡುತ್ತಿತ್ತು.

ಲ್ಯಾಪ್‌ಟಾಪು ಬಂದದ್ದು ಸವದತ್ತಿಯಿಂದ. ಅಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ನನ್ನ ಮೈದುನ ಹೊಸದು ಕೊಂಡು ಹಳೆಯದನ್ನು ಅಣ್ಣನಿಗೆ ಕೊಟ್ಟ. ನಾಲ್ಕಾರು ವರ್ಷ ಮದುವೆ ಮನೆಗಳಲ್ಲಿ ಉರುಳಾಡಿದ ಯಂತ್ರ. ಕೀಲಿಗಳ ಮೇಲಿನ ಅಕ್ಷರ ಸವೆದಿದ್ದವು, ಬದಿಯ ತೂತುಗಳ ಪಕ್ಕದಲ್ಲಿದ್ದ ಗುರುತಿನ ಚಿತ್ರಗಳೂ ಅಳಿಸಿಹೋಗಿದ್ದವು. ಒಂದೇ ಅಳತೆಯ ಎರಡು ದುಂಡನೆಯ ತೂತು ಅಕ್ಕಪಕ್ಕ ಇದ್ದವು. ಯಾವುದು ಯಾತಕ್ಕೆ ಅಂತ ಬ್ರಹ್ಮನಿಗೇ ಗೊತ್ತು.

ಜೋಡಿಸಲು ಒಂದು ಇಡೀ ಭಾನುವಾರ ಹೋಯಿತು. ಮಿಕ್ಸರಿನ ಹಿಂದಿನಿಂದ ಕೆಂಪು ಬಿಳಿ ಎರಡು ವೈರು ಬಂದು ಒಂದು ಸಣ್ಣ ಪಿನ್ನಾಗುತ್ತದೆ, ಆ ಪಿನ್ನು ಲ್ಯಾಪ್‌ಟಾಪಿಗೆ ಹೋಗಬೇಕು. ಮೊದಲ ತೂತಿಗೆ ಹಾಕಿದರು. ನಾನು "ಹಲೋ" ಅಂದೆ. ತಿರುಗಿ ಕೇಳಿದರೆ ತಗಡಿನ ಮೇಲೆ ಉಸುಕು ಸುರಿದಂತೆ ಕರಕರ. ವೈರು ಬದಲಿಸಿದರು, ಪಿನ್ನು ಒರೆಸಿದರು, ಮೈಕನ್ನು ಬಡಿದರು. ಮತ್ತೆ ಕರಕರ. ನಾನು ಇಪ್ಪತ್ತು ಸಲ ಹಲೋ ಅಂದೆ. ಕಿತ್ತೂರಿನ ಮಕ್ಕಳಿಗೆ ಒದರಿದ್ದು ಸಾಲದು ಅಂತ ಈ ಡಬ್ಬಿಗೂ ಒದರಬೇಕೇನು ಅಂತ ರೇಗಿ ಎದ್ದು ರೊಟ್ಟಿ ಬಡಿಯಲು ಹೋದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು ಬಂತು.

"ಏ, ಬಾ ಇಲ್ಲಿ! ಬಾಜೂ ತೂತಿಗೆ ಹಾಕೇನಿ, ಸ್ವಚ್ಛ ಬರಾಕತ್ತೈತಿ ನೋಡು!"

ಹಿಟ್ಟಿನ ಕೈಯಲ್ಲೇ ಹೋಗಿ ಹಲೋ ಅಂದೆ. ಪರದೆಯ ಮೇಲೆ ಹಸಿರು ಗೆರೆ ಕುಣಿಯಿತು. ಅವರು ಪಿನ್ನು ಕಿತ್ತು, ರೆಕಾರ್ಡ್ ಆದದ್ದನ್ನು ತಿರುಗಿ ಹಚ್ಚಿದರು. ನನ್ನದೇ ದನಿ, ಕರಕರ ಇಲ್ಲ. ಸ್ವಲ್ಪ ದೂರದಿಂದ ಬಂದಂತಿತ್ತು.

"ಪಿನ್ ಯಾಕ ಕಿತ್ತಿರಿ?" ಅಂತ ಕೇಳಿದೆ.

"ಕೀಳದಿದ್ರ ಇದ್ರ ಸ್ಪೀಕರಿನಾಗ ಕೇಳಸಂಗಿಲ್ಲ. ಅದರ ಪದ್ಧತಿನ ಹಂಗ."

"ದೂರ ಕೇಳಸ್ತೈತಲ್ರಿ?"

"ಸ್ಪೀಕರ್ ಸಣ್ಣದೈತಿ ಮಾರಾಯ್ತಿ. ನೀ ಓದೂದು ನೋಡು, ಇದು ನನಗ ಬಿಡು."

ಬಿಟ್ಟೆ. ಭಜನೆಯ ಮೈಕು ಹದಿನೈದು ವರ್ಷ ನೋಡಿಕೊಂಡವರಿಗೆ ನಾನೇನು ಹೇಳುವುದು. ನನ್ನ ದನಿಯನ್ನು ನಾನೇ ಕೂತು ಕೇಳುವ ಶಕ್ತಿಯಂತೂ ನನಗಿರಲಿಲ್ಲ. ದಿನಾ ಮೊದಲ ಎರಡು ಸಾಲು ಕೇಳಿ ಸರಿಯಾಗಿದೆ ಅಂತ ಇಬ್ಬರೂ ಎದ್ದುಬಿಡುತ್ತಿದ್ದೆವು.

ಹೀಗೆ ನಮ್ಮ ಸಂಜೆಗಳು ಶುರುವಾದವು. ಬಾಗಿಲಿಗೂ ಕಿಟಕಿಗೂ ಹೊದೆಯುವ ಕೌದಿ ಇಳಿಬಿಡುವುದು, ಫ್ಯಾನು ಬಂದ್ ಮಾಡುವುದು, ಬೆವರಿನಲ್ಲಿ ತೊಯ್ಯುತ್ತ ಓದುವುದು. ಕೆಮ್ಮು ಬಂದರೆ ನಾನು ಕೈ ಎತ್ತುತ್ತಿದ್ದೆ, ಅವರು ಗುಂಡಿ ಇಳಿಸುತ್ತಿದ್ದರು. ಕೆಮ್ಮಿ, ನೀರು ಕುಡಿದು, ತಲೆ ಆಡಿಸಿದರೆ ಏರಿಸುತ್ತಿದ್ದರು. ಬರಬರುತ್ತ ಆ ಇಳಿಸಿದ ಗುಂಡಿಯ ಹೊತ್ತೇ ನನಗೆ ಇಡೀ ದಿನದ ವಿಶ್ರಾಂತಿಯಾಯಿತು. ಮನೆಯಲ್ಲಿ ಬೇರೆ ಹೊತ್ತಿನಲ್ಲಿ ಗಂಡಹೆಂಡತಿ ಇಷ್ಟು ಮಾತಾಡಿದ್ದಿಲ್ಲ. "ಗುಂಡಿ ಇಳಸ್ರಿ" ಅನ್ನುವುದು, ಮನಸ್ಸಿನಲ್ಲಿದ್ದುದನ್ನೆಲ್ಲ ಕಾರಿಕೊಳ್ಳುವುದು. ಹೆಡ್‌ಮಾಸ್ತರರನ್ನು ಬೈದೆ. ಬಸ್ಸಿನಲ್ಲಿ ಸೀಟಿನ ಮೇಲೆ ಕರವಸ್ತ್ರ ಹಾಸಿ ಜಾಗ ಹಿಡಿಯುವ ಗಂಡಸರನ್ನು ಬೈದೆ. ಹಳೆಯ ಡಬ್ಬಿ ತಂದು ನಮ್ಮ ತಲೆಗೆ ಕಟ್ಟಿದ ಅಂತ ಮೈದುನನನ್ನು ಬೈದೆ. ಈ ಪುಸ್ತಕ ಬರೆದವನಿಗೆ ಪೂರ್ಣವಿರಾಮ ಅನ್ನುವುದು ಗೊತ್ತಿಲ್ಲವೇನು ಅಂತ ಅವನನ್ನೂ ಬಿಡಲಿಲ್ಲ.

ಆ ಹುಡುಗಿಯನ್ನೂ ಬೈದೆ. ಒಂದು ದಿನ ಜ್ವರ ಬಂದಂತಾಗಿತ್ತು, ಆದರೂ ಕೂತಿದ್ದೆ. ಮೂರು ಪುಟಕ್ಕೆ ಗಂಟಲು ಕೈಕೊಟ್ಟಿತು. ಗುಂಡಿ ಇಳಿಸಲು ಹೇಳಿ, "ಸಾಕಾಗಿ ಹೋಗೇತ್ರಿ ಈ ಹುಡುಗೀದು. ಯಾರರೆ ಬ್ಯಾರೇದವರು ಸಿಗಲಿಲ್ಲೇನು ಆಕಿಗೆ? ನನ್ನ ಜೀವಾ ತಿನ್ನಾಕ ಹುಟ್ಯಾಳ" ಅಂದೆ. ಯಜಮಾನರು, "ಹಂಗಾರ ಆಗಂಗಿಲ್ಲ ಅಂತ ಹೇಳಿ ಕಳಸು, ಯಾರ ಬ್ಯಾಡ ಅಂದಾರ?" ಅಂದರು. ನನಗೆ ಅಳು ಬಂದುಬಿಟ್ಟಿತು. ಅದೇ ಹೊತ್ತಿನಲ್ಲಿ, ಮೊದಲ ಸಲ, ಆ ಬೆಂಚಿನ ಕಥೆಯನ್ನು ಅವರಿಗೆ ಹೇಳಿದೆ. ಮೂಸಿ ನೋಡುವ ಮಾತು, ಮಕ್ಕಳು ನಕ್ಕದ್ದು, ನಾನೂ ನಕ್ಕದ್ದು, ಹನ್ನೊಂದು ಅಂಕ, ಎಲ್ಲ. ಅವರು ಎದ್ದು ಒಳಗೆ ಹೋದರು. ಒಂದು ಲೋಟ ಬಿಸಿನೀರು ತಂದುಕೊಟ್ಟು, ನಾನು ಮೂಗು ಒರೆಸಿಕೊಂಡ ಮೇಲೆ ಗುಂಡಿ ಏರಿಸಿದರು. ನಾನು ನಾಲ್ಕನೆಯ ಪುಟ ಓದಿದೆ.

ಎಂಟು ಹತ್ತು ದಿನಕ್ಕೊಂದು ಸಿಡಿ ತುಂಬುತ್ತಿತ್ತು. ನಮ್ಮ ಕಡೆ ಪರ ಊರಿನಲ್ಲಿ ಓದುವ ಮಕ್ಕಳಿಗೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ರೊಟ್ಟಿ ಬುತ್ತಿ ಕಳಿಸುವುದು ಮೊದಲಿನಿಂದ ಬಂದ ಪದ್ಧತಿ. ಹಾಗೆಯೇ ಸಿಡಿಯನ್ನು ಒಂದು ರಟ್ಟಿನ ಡಬ್ಬಿಯಲ್ಲಿಟ್ಟು, ಮೇಲೊಂದು ಅರಿವೆ ಸುತ್ತಿ, ರಾಮದುರ್ಗದ ಬಸ್ಸಿಗೆ ಕೊಡುತ್ತಿದ್ದೆವು. ಅಲ್ಲಿಯ ಸ್ಟ್ಯಾಂಡಿನಲ್ಲಿ ಅವಳ ಅಣ್ಣ ಇಳಿಸಿಕೊಳ್ಳುತ್ತಿದ್ದ. ಪರೀಕ್ಷೆಗೆ ಎರಡು ತಿಂಗಳು ಉಳಿದಾಗ ಹನ್ನೆರಡು ಸಿಡಿ ಹೋಗಿದ್ದವು. ಇನ್ನೂ ಎರಡು ಪುಸ್ತಕ ಬಾಕಿ ಇದ್ದವು.

ಆಗ ಒಂದು ಭಾನುವಾರ ಮೈದುನ ಊಟಕ್ಕೆ ಬಂದ. ಊಟವಾದ ಮೇಲೆ ಅಣ್ಣನ ಪ್ರತಾಪ ನೋಡೋಣ ಅಂತ ಲ್ಯಾಪ್‌ಟಾಪಿನ ಮುಂದೆ ಕೂತ. ಜೇಬಿನಿಂದ ತನ್ನ ಹೆಡ್‌ಫೋನ್ ತೆಗೆದು ಕಿವಿಗೆ ಹಾಕಿಕೊಂಡ. ನಾನು ಪಾತ್ರೆ ಒರೆಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವನು ಬಿದ್ದು ಬಿದ್ದು ನಗತೊಡಗಿದ.

"ವೈನಿ, ಇದೇನ್ರಿ? ಇತಿಹಾಸದಾಗ ನನ್ನ ಹೆಸರೂ ಬಂದೈತಲ್ರಿ! ಡಬ್ಬಿ ತಂದು ತಲಿಗೆ ಕಟ್ಟೇನಂತ ನಾ?"

ನನ್ನ ಕೈಯಲ್ಲಿದ್ದ ತಾಟು ಕೆಳಗೆ ಬಿತ್ತು. ಅದು ಗುಂಡಿ ಇಳಿಸಿ ಆಡಿದ ಮಾತು. ಅದು ಹೊರಗೆ ಬರುವ ಮಾತಲ್ಲ.

ಯಜಮಾನರು ಮುಖ ಬಿಳುಚಿಕೊಂಡು, "ನಾ ಗುಂಡಿ ಇಳಿಸಿದ್ನೋ, ದೇವರಾಣಿ ಇಳಿಸಿದ್ದೆ" ಅಂದರು. ಮಿಕ್ಸರಿನ ಪಿನ್ನು ಎಲ್ಲಿ ಹಾಕುತ್ತಿದ್ದೆ ಅಂತ ಮೈದುನ ಕೇಳಿದ, ಅಣ್ಣ ತೋರಿಸಿದ ತೂತು ನೋಡಿ ಹಣೆ ಚಚ್ಚಿಕೊಂಡ.

"ಅಣ್ಣಾ, ಈ ತೂತು ಹೆಡ್‌ಫೋನಿಂದು. ಇದ್ರಾಗಿಂದ ದನಿ ಹೊರಗ ಬರತೈತಿ, ಒಳಗ ಹೋಗಂಗಿಲ್ಲ. ಪಿನ್ ಹಾಕಿದ್ರ ಸ್ಪೀಕರ್ ಬಂದ್ ಆಗ್ತಿತ್ತಲ್ಲ, ಆವಾಗರ ತಿಳೀಲಿಲ್ಲೇನು? ನಿನ್ನ ಮಿಕ್ಸರ್ ಇದಕ್ಕ ಮುಟ್ಟೇ ಇಲ್ಲ."

"ಮತ್ತ ದನಿ ಹೆಂಗ ಬಂತು?" ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅವನು ಪರದೆಯ ಕೆಳಗೆ ಎಳ್ಳುಕಾಳಿನಷ್ಟು ಸಣ್ಣ ತೂತು ತೋರಿಸಿದ. ಲ್ಯಾಪ್‌ಟಾಪಿಗೆ ಅದರದೇ ಒಂದು ಮೈಕು ಇರುತ್ತದಂತೆ. ಅದಕ್ಕೆ ಗುಂಡಿಯೂ ಗೊತ್ತಿಲ್ಲ, ಮಂಡಳಿಯ ನೇಮವೂ ಗೊತ್ತಿಲ್ಲ. ನಾವು ಕೂತಾಗಿನಿಂದ ಏಳುವ ತನಕ ಕೋಣೆಯಲ್ಲಿ ಆದದ್ದನ್ನೆಲ್ಲ ಅದು ಕೇಳಿಸಿಕೊಂಡಿತ್ತು. ಮೊದಲು ಹಾಕಿದ್ದ ತೂತೇ ಸರಿಯಿತ್ತು ಅಂತಲೂ ಹೇಳಿದ. ಕರಕರ ಬಂದದ್ದು ಮಿಕ್ಸರಿನಿಂದ ದನಿ ಜೋರಾಗಿ ಹೋಗಿದ್ದಕ್ಕೆ. ಅಲ್ಲಿ ಸ್ವಲ್ಪ ಕಡಿಮೆ ಮಾಡಿದ್ದರೆ ಅವತ್ತೇ ಮುಗಿಯುತ್ತಿತ್ತು.

ಯಾರನ್ನು ಬೈಯುವುದು? ಯಜಮಾನರನ್ನು ಬೈದೆ, ಮೈದುನನನ್ನು ಮತ್ತೊಮ್ಮೆ ಬೈದೆ. ಅವನು ಪಾಪ ಚಹಾ ಕುಡಿಯದೆ ಎದ್ದು ಹೋದ. ಆಮೇಲೆ ಕೌದಿ ಇಳಿಬಿಟ್ಟ ಆ ಕೋಣೆಯಲ್ಲಿ ಒಬ್ಬಳೇ ಕೂತೆ. ಕೆಮ್ಮು, ಆಕಳಿಕೆ, ಬೈಗುಳ ಹೋಗಲಿ. ಜೀವ ತಿನ್ನಾಕ ಹುಟ್ಯಾಳ ಅಂದದ್ದು ಹೋಗಿತ್ತು. ಬೆಂಚಿನ ಕಥೆ ಹೋಗಿತ್ತು. ಅವಳಿಗೆ ಮರೆತಿದೆ ಅಂತ ನಾನು ಹನ್ನೆರಡು ವರ್ಷ ನಂಬಿಕೊಂಡು ಬಂದದ್ದನ್ನು ನಾನೇ ನನ್ನ ಬಾಯಿಂದ ನೆನಪು ಮಾಡಿ, ಅರಿವೆ ಸುತ್ತಿ, ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ್ದೆ. ಇನ್ನು ಆ ಹುಡುಗಿ ನನ್ನ ದನಿ ಕೇಳಿಯಾಳೇ? ಕೇಳದಿದ್ದರೆ ಪರೀಕ್ಷೆ ಬರೆಯುವುದಾದರೂ ಹೇಗೆ? ನನ್ನ ಬಾಯಿ ಎರಡನೆಯ ಸಲ ಅವಳ ಓದಿಗೆ ಕಲ್ಲು ಹಾಕಿತಲ್ಲ.

ಮರುದಿನ ಶಾಲೆಗೆ ರಜೆ ಹಾಕಿ ಬಸ್ಸು ಹತ್ತಿದೆ. ಸಿಡಿಗಳನ್ನು ವಾಪಸು ತರುವುದು, ಸರಿಯಾಗಿ ಬಂದಿಲ್ಲ, ಮತ್ತೆ ಓದಿ ಕಳಿಸುತ್ತೇನೆ ಅಂತ ಸುಳ್ಳು ಹೇಳುವುದು ಅಂತ ದಾರಿಯುದ್ದಕ್ಕೂ ಪಾಠ ಮಾಡಿಕೊಂಡೆ. ರಾಮದುರ್ಗದಲ್ಲಿ ಬಸ್ಸು ಬದಲಿಸಿ ಸುರೇಬಾನ ತಲುಪುವಾಗ ಬಿಸಿಲು ನೆತ್ತಿಗೆ ಬಂದಿತ್ತು.

ಅವಳು ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಪಕ್ಕದಲ್ಲಿ ಸಿಡಿ ಹಚ್ಚುವ ಯಂತ್ರ ಇತ್ತು. ಅದರಿಂದ ನನ್ನದೇ ದನಿ ಬರುತ್ತಿತ್ತು. ನಾನು ಬಾಗಿಲಲ್ಲೇ ನಿಂತೆ. ಯಂತ್ರದೊಳಗಿನ ನಾನು ಯಾವುದೋ ಒಪ್ಪಂದದ ಷರತ್ತುಗಳನ್ನು ಓದುತ್ತ ಓದುತ್ತ ಆಕಳಿಸಿ, "ಗುಂಡಿ ಇಳಸ್ರಿ" ಅಂದೆ. ಅವಳು ತಾನೂ ಆಕಳಿಸಿ ನಕ್ಕಳು.

"ಯಾರದು?" ಅಂದಳು.

"ನಾನವಾ" ಅಂದೆ.

ಅವಳು ಗಡಬಡಿಸಿ ಎದ್ದಳು, ಮಡಿಲಿನ ಶೇಂಗಾ ಎಲ್ಲ ಚೆಲ್ಲಿದವು. "ಅಕ್ಕೋರ! ಬರ್ರಿ, ಕುಂಡ್ರ್ರಿ. ಅವ್ವಾ, ಅಕ್ಕೋರು ಬಂದಾರ, ಚಹಾಕ್ಕಿಡು!"

ದಾರಿಯಲ್ಲಿ ಕಲಿತ ಸುಳ್ಳು ಬಾಯಿಗೆ ಬರಲಿಲ್ಲ. "ನಾನು ನಡುವ ನಡುವ ಮಾತಾಡಿದ್ದು ನಿನಗ ಕೇಳಸೈತೇನು?" ಅಂತ ನೇರವಾಗಿಯೇ ಕೇಳಿದೆ.

"ಎಲ್ಲಾ ಕೇಳಸೈತ್ರಿ. ಅದ್ರ ಮ್ಯಾಲಿಂದನ ನನಗ ಪಾಠ ನೆನಪುಳಿದಾವ್ರಿ. ಬಂಡಾಯದ ಕಾರಣ ಹೇಳಬೇಕಾದ್ರ ನಿಮ್ಮ ಕುಕ್ಕರ್ ಮೂರು ಸೀಟಿ ಹೊಡೀತೈತಿ. ಮೂರು ಕಾರಣ. ಆಮ್ಯಾಲ ನೀವು ಕಾಕಾರಿಗೆ ಗ್ಯಾಸ್ ಬಂದ್ ಮಾಡ್ರಿ ಅಂತೀರಿ, ಅಲ್ಲಿಂದ ಪರಿಣಾಮ ಸುರು."

ಬೆರಳು ಮಡಿಸುತ್ತ ಮೂರು ಕಾರಣ ಹೇಳಿದಳು. ಒಂದೂ ತಪ್ಪಲಿಲ್ಲ. ನನ್ನ ಶಾಲೆಯ ಮಕ್ಕಳು ಕಣ್ಣಿದ್ದೂ ಹಾಗೆ ಹೇಳಿದ್ದಿಲ್ಲ.

"ನಿನಗ ಬೈದದ್ದು?"

"ಅದೂ ಕೇಳೇನ್ರಿ." ನಗುತ್ತಲೇ ಹೇಳಿದಳು. "ನಮ್ಮವ್ವನೂ ದಿನಾ ಹಂಗ ಅಂತಾಳ್ರಿ. ಅಂದು, ಆಮ್ಯಾಲ ಊಟಕ್ಕ ನೀಡತಾಳ."

ನಾನು ಉಸಿರು ಬಿಟ್ಟೆ. ಬಿಡುವ ಹೊತ್ತಲ್ಲ ಅದು. ಅವಳು ಚೆಲ್ಲಿದ ಶೇಂಗಾಗಳನ್ನು ಕೈಯಾಡಿಸಿ ಒಂದೊಂದಾಗಿ ಆರಿಸತೊಡಗಿದಳು. ನಗು ಹೋಗಿತ್ತು.

"ಏಳನೇ ಸಿಡಿ ಕೇಳಿದ ಮ್ಯಾಲ ಎಂಟ ದಿನ ಮುಂದಿಂದು ಹಚ್ಚಲಿಲ್ರಿ. ಸಿಟ್ಟು ಬಂದಿತ್ತು."

ಏಳನೆಯದರಲ್ಲಿ ಏನಿದೆ ಅಂತ ನಾನು ಕೇಳಬೇಕಾಗಿರಲಿಲ್ಲ.

"ನಾ ತಿಳ್ಕೊಂಡಿದ್ನಿರಿ, ಆ ಬೆಂಚಿಂದು ನನಗಷ್ಟ ನೆನಪೈತಿ, ನಿಮಗ ಮರ್ತೈತಿ ಅಂತ. ಮರ್ತವರ ಮ್ಯಾಲ ಏನ ಸಿಟ್ಟು ಮಾಡೂದು ಅಂತ ಬಿಟ್ಟಿದ್ದೆ. ನಿಮಗೂ ನೆನಪಿತ್ತು. ಮದುವ್ಯಾಗ ಬಾಜೂಕ ಕುಂತು ಉಂಡ್ರಿ, ಆವಾಗೂ ನೆನಪಿತ್ತು. ಆದ್ರ ನೀವು ಕಾಕಾರ ಮುಂದ ಹೇಳಿದ್ರಿ. ನನ್ನ ಮುಂದ ಹೇಳಲಿಲ್ಲ."

ಅಷ್ಟರಲ್ಲಿ ಅವಳ ಅವ್ವ ಚಹಾ, ಅವಲಕ್ಕಿ ತಂದಿಟ್ಟು ಎದುರಿಗೇ ಕೂತಳು. ಮಗಳಿಗೆ ಎಷ್ಟು ಉಪಕಾರ ಮಾಡಿದಿರಿ, ನೀವು ನಮಗೆ ದೇವರಿದ್ದಂತೆ ಅಂತ ಶುರುಮಾಡಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಚಹಾ ಕುಡಿದೆ, ಅವಲಕ್ಕಿ ತಿಂದೆ, ಬಸ್ಸಿಗೆ ಹೊತ್ತಾಯಿತು ಅಂತ ಎದ್ದೆ. ಮಿಕ್ಸರಿನ ಪಿನ್ನು ತಪ್ಪು ತೂತಿಗೆ ಹೋಗಿದ್ದ ವಿಷಯ ಮಾತ್ರ ಹೇಳಿದೆ, ಅದಾದರೂ ಹೇಳಿದೆ.

ಬಾಗಿಲ ತನಕ ಗೋಡೆ ಹಿಡಿದುಕೊಂಡು ಬಂದಳು. "ಅದನ್ನ ಸರಿ ಮಾಡಸ್ರಿ ಅಕ್ಕೋರ. ದನಿ ಭಾಳ ದೂರ ಕೇಳಸ್ತೈತಿ, ನೀವು ಬೋರ್ಡಿನ ಕಡೆ, ನಾ ಹಿಂದಿನ ಬೆಂಚಿನ್ಯಾಗ ಕುಂತಂಗ" ಅಂದಳು. ಒಂದು ಗಳಿಗೆ ಬಿಟ್ಟು, "ಆದ್ರ ಗುಂಡಿ ಮಾತ್ರ ಇಳಸಬ್ಯಾಡ್ರಿ" ಅಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಕಿಟಕಿಗೆ ತಲೆಕೊಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಪಕ್ಕದ ಹೆಣ್ಣುಮಗಳು ತವರಿಂದ ಹೊಂಟೀರೇನ್ರಿ ಅಂತ ಕೇಳಿದಳು. ಹೂಂ ಅಂದೆ.

ಮರುದಿನ ಸಂಜೆ ಯಜಮಾನರು ತಲೆ ತಗ್ಗಿಸಿಕೊಂಡು ಪಿನ್ನನ್ನು ಮೊದಲಿನ ತೂತಿಗೆ ಹಾಕಿದರು. ಮಿಕ್ಸರಿನಿಂದ ಹೋಗುವ ದನಿಯನ್ನು ಮೈದುನ ಹೇಳಿದಂತೆ ತೀರಾ ಕಡಿಮೆ ಮಾಡಿದರು. ನಾನು ಹಲೋ ಅಂದೆ. ಕರಕರ ಇಲ್ಲ. ಗುಂಡಿ ಇಳಿಸಿ ನೋಡಿದರು, ಹಸಿರು ಗೆರೆ ಸಪಾಟಾಗಿ ಮಲಗಿತು. ಏರಿಸಿದರು, ಎದ್ದಿತು. "ಈಗ ಬರೋಬ್ಬರಿ ಆತು ನೋಡು" ಅಂದರು ಸಣ್ಣ ದನಿಯಲ್ಲಿ. ಗೆದ್ದ ದನಿಯಲ್ಲ.

ನಾನು ಪುಸ್ತಕ ತೆರೆದೆ. ಮುಚ್ಚಿದೆ. ಅವರು ಅಭ್ಯಾಸಬಲದಿಂದ ಗುಂಡಿಗೆ ಕೈ ಹಾಕಿದರು. "ಬ್ಯಾಡ್ರಿ, ಹಂಗ ಇರ್ಲಿ" ಅಂದೆ. ಮೈಕಿನ ಹತ್ತಿರ ಸರಿದು, ತರಗತಿಯಲ್ಲಿ ಹಾಜರಿ ಕೂಗುವಾಗಿನಂತೆ ಅವಳ ಹೆಸರು ಹಿಡಿದು ಕರೆದೆ. ಒಂಬತ್ತನೆಯ ತರಗತಿಯಲ್ಲಿ ನಿನಗೆ ಕಾಣುವುದಿಲ್ಲ ಅನ್ನುವುದು ನನಗೆ ತಿಳಿಯಲಿಲ್ಲ, ತಿಳಿದುಕೊಳ್ಳುವ ಮನಸ್ಸೂ ಮಾಡಲಿಲ್ಲ ಅಂದೆ. ಮಕ್ಕಳು ನಕ್ಕಾಗ ನಾನೂ ನಕ್ಕೆ ಅಂದೆ. ಅಂಕ ಓದಿದ್ದೂ ತಪ್ಪು, ಆಮೇಲೆ ತಿಳಿದ ಮೇಲೂ ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು ಅಂದೆ. ತಪ್ಪಾತು ನಂದು, ಅಂತ ಎರಡು ಸಲ ಹೇಳಿದೆ. ಯಜಮಾನರು ಗೋಡೆ ನೋಡುತ್ತಿದ್ದರು. ಆಮೇಲೆ ಪುಸ್ತಕ ತೆರೆದು ಪಾಠ ಓದಿದೆ.

ಆ ಎರಡು ಪುಸ್ತಕಗಳನ್ನೂ ಮುಗಿಸಿದೆವು. ಗಂಟಲು ಆಮೇಲೆ ಪೂರ್ತಿ ಸರಿಹೋಗಲೇ ಇಲ್ಲ. ಈಗಲೂ ಸಂಜೆಯಾದರೆ ದನಿ ಒಡೆಯುತ್ತದೆ. ಅವಳು ಆ ಬೇಸಿಗೆ ಪಾಸಾದಳು, ಅದೇ ಕುರುಡು ಮಕ್ಕಳ ಶಾಲೆಯಲ್ಲಿ ಇಂದಿಗೂ ಕಲಿಸುತ್ತಾಳೆ. ಆದರೆ ಫಲಿತಾಂಶ ಬಂದ ದಿನಕ್ಕಿಂತ ನನಗೆ ನೆನಪಿರುವುದು ಹದಿಮೂರನೆಯ ಸಿಡಿಯನ್ನು ಬಸ್ಸಿಗೆ ಕೊಟ್ಟ ಮೂರನೆಯ ದಿನ.

ಕಿತ್ತೂರಿನಿಂದ ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದೆ, ಫೋನು ಹೊಡೆದುಕೊಂಡಿತು. ಸುರೇಬಾನದ ಬೂತಿನಿಂದ ಅವಳು.

"ಮುಟ್ಟಿತ್ರಿ ಅಕ್ಕೋರ."

"ಕೇಳಿದೇನವಾ?"

"ಕೇಳಿದ್ನಿರಿ." ಬೂತಿನ ಹೊರಗೆ ಟ್ರ್ಯಾಕ್ಟರೊಂದು ಹಾದುಹೋದದ್ದು ಕೇಳಿಸಿತು. ಫೋನು ಕಟ್ಟಾಯಿತೇನೋ ಅಂತ ನಾನು ಹಲೋ ಹಲೋ ಅಂದೆ.

"ಇಲ್ಲೇ ಅದೀನ್ರಿ" ಅಂದಳು. "ಈ ಸಿಡಿಯಾಗ ನಿಮ್ಮ ದನಿ ಭಾಳ ಹತ್ರ ಕೇಳಸ್ತೈತ್ರಿ."